ಜೊಂಡಿನ ತವರು ಮೂಲೆ

ಆಕೆಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಈಗ ಗಂಡನಿಗೂ ತಲೆ ಕೆರೆದುಕೊಂಡರೆ ಮಾತ್ರ ನೆನಪಾಗುತ್ತದೆ. ಬೀದಿಗೆಲ್ಲ ಆಕೆ ಬೇಡಮ್ಮ. ಜೌಗಿಗೆ ಇಳಿದವರು ಯಾರಾದರೂ ಕುಡುಗೋಲು ಎತ್ತಿದರೆ ಸಾಕು, ದಡದ ಮೇಲಿಂದ "ಬೇಡ, ಅದನ್ನ ಮುಟ್ಟಬೇಡ, ಅದಿನ್ನೂ ಎಳಸು" ಎಂಬ ಕೂಗು ಬಂತೆಂದೇ ಲೆಕ್ಕ. ಮೊದಮೊದಲು ಮಕ್ಕಳು ಆಡಿಕೊಂಡು ಹಾಗೆ ಕರೆದರು. ಆಮೇಲೆ ದೊಡ್ಡವರ ಬಾಯಿಗೂ ಅದೇ ರೂಢಿಯಾಯಿತು. ಕೊನೆಗೆ ಆಕೆಯೇ ನೆರೆಮನೆಯ ಬಾಗಿಲು ಬಡಿದು "ನಾನು ಕಣ್ರೀ, ಬೇಡಮ್ಮ" ಎನ್ನುವ ಮಟ್ಟಕ್ಕೆ ಬಂತು. ಹಾಗೆಂದು ಆಕೆ ಎಲ್ಲಕ್ಕೂ ಬೇಡ ಎನ್ನುವವಳೇನಲ್ಲ. ಟೀ ಕೊಟ್ಟು ನೋಡಿ. ಒಂದು ಲೋಟ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಚಾಚಿರುತ್ತಾಳೆ.

ಆ ಬೀದಿಗೆ ಒಂದೇ ಮಗ್ಗುಲು. ಒಂದು ಕಡೆ ಚಾಪೆ ನೇಯುವವರ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಇನ್ನೊಂದು ಕಡೆ ಮನೆಗಳಿಲ್ಲ; ರಸ್ತೆಯ ಅಂಚಿಗೆ ಕಲ್ಲಿನ ಕಟ್ಟೆ, ಕಟ್ಟೆಯ ಆಚೆ ಜೌಗು, ಜೌಗಿನ ತುಂಬ ಆಳೆತ್ತರದ ಜೊಂಡು. ಮನೆಗಳ ಮುಂದಿನ ಕೋಣೆಯನ್ನು ನೆಲದ ಮಗ್ಗವೇ ನುಂಗಿ ಹಾಕಿರುವುದರಿಂದ ಬಂದವರು ಗೋಡೆಗೆ ಬೆನ್ನು ಉಜ್ಜಿಕೊಂಡು ಅಡ್ಡಡ್ಡ ನಡೆದೇ ಒಳಗೆ ಹೋಗಬೇಕು. ಮೈ ತುಂಬಿಕೊಂಡ ನೆಂಟರನ್ನು ಕಟ್ಟೆಯ ಮೇಲೆಯೇ ಕೂರಿಸಿ, ಉಪಚರಿಸಿ, ಅಲ್ಲಿಂದಲೇ ಬೀಳ್ಕೊಡುವುದುಂಟು. ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಮಾಳಿಗೆಯ ಮೇಲೆ, ಕಿಟಕಿಯ ಸರಳಿಗೆ, ಮೆಟ್ಟಿಲ ಪಕ್ಕದ ಗೋಡೆಗೆ, ಎಲ್ಲೆಂದರಲ್ಲಿ ಜೊಂಡಿನ ಕಟ್ಟುಗಳು ಒಣಗುತ್ತಿರುತ್ತವೆ. ಅದಕ್ಕೊಂದು ಸಿಹಿಯಾದ ವಾಸನೆ. ಆ ಬೀದಿಯಲ್ಲಿ ಹುಟ್ಟಿದವರ ಮೂಗಿಗೆ ಅದು ಹತ್ತುವುದೇ ಇಲ್ಲ. ಬೇರೆ ಕಡೆ ಹೋಗಿ ಮಲಗಿದ ದಿನ ಮಾತ್ರ ನಿದ್ದೆ ಯಾಕೆ ಬರುತ್ತಿಲ್ಲ ಎಂದು ಹೊರಳಾಡುತ್ತಾರೆ.

ಜೌಗು ಯಾರೊಬ್ಬರ ಸ್ವತ್ತೂ ಅಲ್ಲ, ಬೀದಿಗೆಲ್ಲ ಸೇರಿದ್ದು. ಎಲ್ಲರದ್ದು ಎಂದಮೇಲೆ ಯಾರದ್ದೂ ಅಲ್ಲ ಎಂದಾಗಿಬಿಡುವುದು ಲೋಕದ ರೀತಿ. ಹಾಗಾಗದಂತೆ ನೋಡಿಕೊಳ್ಳಲು ಒಬ್ಬರು ಬೇಕು. ಪ್ರತಿ ವರ್ಷ ಕೊಯ್ಲಿಗೆ ಮುಂಚೆ ಅವರು ನೀರಿಗಿಳಿದು, ಕೆಂಪು ಬಟ್ಟೆ ಕಟ್ಟಿದ ಗಳಗಳನ್ನು ನೆಟ್ಟು, ಇಲ್ಲಿಯವರೆಗೆ ಕೊಯ್ಯಬಹುದು, ಇದರಾಚೆ ಈ ವರ್ಷ ಬಿಡಬೇಕು ಎಂದು ಗೊತ್ತು ಮಾಡುತ್ತಾರೆ. ಅದಕ್ಕೆ ಗಡಿ ನೆಡುವುದು ಎನ್ನುತ್ತಾರೆ. ಹೋದ ವರ್ಷ ಬಿಟ್ಟದ್ದನ್ನು ಈ ವರ್ಷ ಕೊಯ್ಯುವುದು, ಈ ವರ್ಷ ಕೊಯ್ದದ್ದನ್ನು ಬರುವ ವರ್ಷ ಬಿಡುವುದು, ಇದು ಸರದಿ. ಕೊಯ್ಯುವಾಗ ನೀರಿನ ಮೇಲೆ ಗೇಣುದ್ದ ಮೋಟು ಉಳಿಸಲೇಬೇಕು. ಜೊಂಡು ಉಸಿರಾಡುವುದು ಆ ಮೋಟಿನಿಂದ. ಮೋಟು ಮುಳುಗಿದರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಗಡಿ ನೆಡುವವರಿಗೆ ಸಂಬಳವಿಲ್ಲ, ಸನ್ಮಾನವಿಲ್ಲ, ಬೈಗುಳ ಮಾತ್ರ ಧಾರಾಳ. ಬೇಡಮ್ಮ ಹರೆಯದಿಂದಲೂ ಆ ಕೆಲಸ ಮಾಡುತ್ತ ಬಂದವಳು. ಬೈಗುಳ ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೋಗುತ್ತಿತ್ತು, ನಡುವೆ ಎಲ್ಲೂ ತಂಗುತ್ತಿರಲಿಲ್ಲ.

ಆಕೆ ಹೀಗೆ ಬಿಗಿಯಾಗಲು ಕಾರಣ ಅಪ್ಪ. ಆಕೆ ಇನ್ನೂ ಮೂಗು ಸೋರಿಸಿಕೊಂಡು ಓಡಾಡುವ ಹುಡುಗಿಯಾಗಿದ್ದಾಗ ಪಟ್ಟಣದಲ್ಲಿ ಸಾಲು ಸಾಲಾಗಿ ಹೊಸ ಕಟ್ಟಡಗಳು ಎದ್ದವು, ಎಲ್ಲಕ್ಕೂ ಚಾಪೆ ಬೇಕಾದವು. ಬೀದಿಯವರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉದ್ದನೆಯ ಚಾಪೆಗೆ ಉದ್ದನೆಯ ಜೊಂಡು ಬೇಕೆಂದು ನೀರಿನೊಳಗೆ ಕೈಬಿಟ್ಟು ಬುಡಕ್ಕೇ ಕೊಯ್ದರು. ಎಲ್ಲರಿಗಿಂತ ಮುಂದಿದ್ದವನು ಆಕೆಯ ಅಪ್ಪ. ಮನುಷ್ಯ ಒಳ್ಳೆಯವನೇ, ಆದರೆ ಕೈ ಚುರುಕು, ಯೋಚನೆ ನಿಧಾನ. ಮರುವರ್ಷ ಮಳೆ ಬಂತು, ನೀರು ಬಂತು, ಜೊಂಡು ಬರಲಿಲ್ಲ. ಜೌಗು ಬೋಳಾಗಿ ಥಳಥಳ ಹೊಳೆಯುತ್ತಿತ್ತು. ದಾರಿಹೋಕರು "ಎಷ್ಟು ಚೆಂದ, ಕನ್ನಡಿ ಇಟ್ಟ ಹಾಗಿದೆ" ಎಂದುಕೊಂಡು ಹೋದರು. ಕುಂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಇವರು ಕುಂತು ಉಂಡವರೂ ಅಲ್ಲ, ಬೆನ್ನು ಮುರಿದು ದುಡಿದುದುಡಿದೇ ಕುಡಿಕೆಯನ್ನು ಬರಿದು ಮಾಡಿದ್ದರು. ಒಬ್ಬೊಬ್ಬರಾಗಿ ಕೂಲಿ ಹುಡುಕಿಕೊಂಡು ಬೇರೆ ಕಡೆ ಹೋದರು. ಅಪ್ಪ ಎಲ್ಲೂ ಹೋಗಲಿಲ್ಲ. ಖಾಲಿ ಮಗ್ಗದ ಪಕ್ಕ ಕಾಲು ಚಾಚಿ ಕೂತು ಬಾಗಿಲಾಚೆಯ ನೀರನ್ನೇ ನೋಡುತ್ತಿದ್ದ. ಅವನಿಗೆ ನೀರು ಕಾಣದಿರಲೆಂದು ಹುಡುಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

ಪಟ್ಟಣದಾಚೆಯ ಕಾಲುವೆಯ ಬದಿಯಲ್ಲಿ ಒಂದಿಷ್ಟು ಜೊಂಡು ಉಳಿದಿರುವುದನ್ನು ಅವಳು ನೋಡಿದ್ದಳು. ಒಂದು ದಿನ ಬಕೆಟ್ ಹಿಡಿದು ಹೋಗಿ ಬೇರು ಕಿತ್ತು ತಂದು, ಕಟ್ಟೆಯ ಕೊನೆಗೆ ನೀರು ಆಳವಿಲ್ಲದ ಮೂಲೆಯಲ್ಲಿ ನೆಟ್ಟಳು. ಮೊದಲ ಸಲದ್ದನ್ನು ಬಾತುಕೋಳಿಗಳು ಚೊಕ್ಕಟವಾಗಿ ಮೇದುಬಿಟ್ಟವು. ಅವಳು ಅಳುತ್ತಲೇ ಮತ್ತೆ ಹೋಗಿ ಬೇರು ತಂದಳು. ಆ ಸಲ ನೆಡುವಾಗ ಬೆನ್ನ ಹಿಂದೆ ನೀರು ಕದಡಿದ ಸದ್ದಾಯಿತು. ಅಪ್ಪ ಇಳಿದು ಬಂದಿದ್ದ. ಅವಳ ಕೈಯಿಂದ ಬೇರು ಇಸಿದುಕೊಂಡು, ಕೆಸರಿನಲ್ಲಿ ಮೊಣಕೈವರೆಗೆ ಕೈ ಹೂತು ನೆಟ್ಟ. ಆ ಮೂಲೆ ಹಿಡಿಯಿತು. ಅಲ್ಲಿಂದ ಬೇರು ತೆಗೆದು ಮುಂದಕ್ಕೆ ನೆಟ್ಟರು, ಅಲ್ಲಿಂದ ಇನ್ನೂ ಮುಂದಕ್ಕೆ. ಹೋದವರು ಒಬ್ಬೊಬ್ಬರಾಗಿ ವಾಪಸು ಬಂದು ಮಗ್ಗದ ಧೂಳು ಕೊಡವಿದರು. ಇಡೀ ಜೌಗಿನ ಜೊಂಡೆಲ್ಲ ಆ ಮೂಲೆಯಿಂದ ಮದುವೆ ಮಾಡಿ ಕಳಿಸಿದ ಹೆಣ್ಣುಮಕ್ಕಳೇ ಆದ್ದರಿಂದ ಬೀದಿಯವರು ಅದನ್ನು ತವರು ಮೂಲೆ ಎಂದು ಕರೆದರು.

ಆಮೇಲಿನದ್ದು ಸುಖದ ಕಾಲವೇ ಎನ್ನಬೇಕು. ಮಗ್ಗ ರಿಪೇರಿ ಮಾಡಲು ಬಂದ ಬಡಗಿಯೊಬ್ಬ, ರಿಪೇರಿ ಮುಗಿದ ಮೇಲೂ ಏನಾದರೊಂದು ನೆಪ ಹುಡುಕಿ ಬರುತ್ತಲೇ ಇದ್ದ. ಮಗ್ಗಕ್ಕೆ ಬಂದ ಕಾಯಿಲೆ ಯಾವುದೆಂದು ಎಲ್ಲರಿಗೂ ಗೊತ್ತಾಗಿ ಮದುವೆ ಮಾಡಿದರು. ಇಬ್ಬರಿಗೆ ಒಬ್ಬ ಮಗ ಹುಟ್ಟಿದ. ಅವನು ಬೆಳೆದು ಲಾರಿ ಹಿಡಿದ. ತಿಂಗಳಲ್ಲಿ ಅರ್ಧ ರಸ್ತೆಯಲ್ಲಿ, ಇನ್ನರ್ಧ ಮನೆಯಲ್ಲಿ ಮಲಗಿಕೊಂಡು. ಅವನು ತಂದ ಸೊಸೆ ದರ್ಜಿಯ ಮಗಳು. ಬಂದ ಹೊಸತರಲ್ಲಿ ಜೊಂಡು ಯಾವುದು, ಹುಲ್ಲು ಯಾವುದು ಎಂದು ತಿಳಿಯದವಳು, ವರ್ಷ ತುಂಬುವುದರೊಳಗೆ ಬೀದಿಯ ಯಾರಿಗೂ ಕಡಿಮೆಯಿಲ್ಲದ ಹಾಗೆ ನೇಯತೊಡಗಿದಳು. ಅವಳ ಬೆರಳು ಓಡುವುದನ್ನು ನೋಡಿದರೆ ಬೇಡಮ್ಮನಿಗೆ ಹೆಮ್ಮೆ. ಅದರ ಜೊತೆಗೇ ಒಂದು ಅಳುಕು. ಅಷ್ಟು ಚುರುಕು ಕೈಯನ್ನು ಆಕೆ ಹಿಂದೆಯೂ ಒಮ್ಮೆ ನೋಡಿದ್ದಳಲ್ಲ.

ಚಾಪೆಯ ಮಗ್ಗಕ್ಕೆ ಇಬ್ಬರು ಬೇಕು. ಒಬ್ಬರು ಉದ್ದ ಕೋಲಿನ ತುದಿಗೆ ಜೊಂಡು ಸಿಕ್ಕಿಸಿ ಹುರಿಗಳ ನಡುವೆ ತೂರಿಸಬೇಕು, ಇನ್ನೊಬ್ಬರು ಹಲಗೆ ಎಳೆದು ಅದನ್ನು ಬಡಿದು ಕೂರಿಸಬೇಕು. ಸೊಸೆ ತೂರಿಸುತ್ತಾಳೆ, ಅತ್ತೆ ಬಡಿಯುತ್ತಾಳೆ. ಒಬ್ಬಳು ಮುನಿಸಿಕೊಂಡು ಎದ್ದು ಹೋದರೆ ಇಬ್ಬರ ಕೆಲಸವೂ ನಿಂತಿತು. ಹಾಗಾಗಿ ಆ ಮನೆಯಲ್ಲಿ ಜಗಳವೂ ಕೂತಲ್ಲೇ ಆಗಬೇಕು, ಕೂತಲ್ಲೇ ಮುಗಿಯಬೇಕು. ಮಾತು ಏರಿದ ಹಾಗೆ ಹಲಗೆಯ ಏಟೂ ಏರುತ್ತದೆ. ಬಡಗಿ ಹಿತ್ತಲಲ್ಲಿ ಕೂತು ಆ ಸದ್ದಿನಿಂದಲೇ ಒಳಗಿನ ಹವಾಮಾನ ತಿಳಿದುಕೊಳ್ಳುತ್ತಾನೆ. ಅತ್ತೆ ಸೊಸೆ ಜಗಳವಾಡಿದ ದಿನದ ಚಾಪೆ ತುಂಬಾ ಬಿಗಿ, ನೀರು ಚೆಲ್ಲಿದರೂ ಕೆಳಗೆ ಇಳಿಯುವುದಿಲ್ಲ ಎಂದು ಅವನು ಗಿರಾಕಿಗಳ ಮುಂದೆ ಹೊಗಳುವುದೂ ಉಂಟು.

ಮೊದಲು ತವರು ಮೂಲೆಗೂ ಉಳಿದ ಜೌಗಿನ ಹಾಗೆ ಸರದಿ ಇತ್ತು. ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟು ಜೊಂಡು ಸೊರಗಿದಾಗ, ಒಂದಿಬ್ಬರು ಸರದಿ ಮೀರಿ ಆ ಮೂಲೆಗೆ ಕುಡುಗೋಲು ತಂದರು. ಬೇಡಮ್ಮನಿಗೆ ಅಪ್ಪ ಕಾಲು ಚಾಚಿ ಕೂತದ್ದು ಕಣ್ಣ ಮುಂದೆ ಬಂತು. ಅವತ್ತೇ ಹೋಗಿ ಮೂಲೆಯ ಸುತ್ತ ಗಳ ನೆಟ್ಟು ಹಗ್ಗ ಬಿಗಿದು ಸಾರಿದಳು. "ಇನ್ನು ಮೇಲೆ ಇದಕ್ಕೆ ಯಾರೂ ಕೈ ಹಚ್ಚಬಾರದು, ಕಾಲೂ ಇಡಬಾರದು. ನಾನೂ ಇಡಲ್ಲ. ಮಿಕ್ಕಿದ್ದೆಲ್ಲ ಬಡ್ಡಿ, ಇದು ಅಸಲು. ಬಡ್ಡಿ ತಿನ್ನಿ, ಅಸಲು ಮುಟ್ಟಬೇಡಿ." ಮಾತು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬೀದಿಯವರು ತಲೆದೂಗಿ ಮನೆಗೆ ಹೋದರು. ಅಚ್ಚುಕಟ್ಟಾದ ಮಾತಿನ ಅಪಾಯವೇ ಅದು, ಅದರೊಳಗೆ ಇಣುಕಿ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ. ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಟೀ ಲೋಟ ಹಿಡಿದು ಕೂತು ಆ ಮೂಲೆಯನ್ನು ನೋಡುವಳು. ಕಣ್ಣಿಗೆ ಕಾಣುವ ಅಂಚಿನ ಜೊಂಡು ಹಸಿರಾಗಿ, ಎತ್ತರವಾಗಿ, ಗಾಳಿಗೆ ತೂಗುತ್ತಿತ್ತು. ನೋಡಿ ನೋಡಿ ಆಕೆಯ ಕಣ್ಣು ತಂಪಾಗುತ್ತಿತ್ತು.

ಈಚೆಗೆ ಆಕೆಯ ಮೊಣಕಾಲು ಹಟ ಹಿಡಿಯಿತು. ನೀರಿಗೇನೋ ಇಳಿಯುತ್ತಿತ್ತು, ಮೇಲೆ ಬರಲು ಒಪ್ಪುತ್ತಿರಲಿಲ್ಲ. ಗಡಿ ನೆಡುವ ಕೆಲಸವನ್ನು ಸೊಸೆಗೆ ವಹಿಸೆಂದು ಬೀದಿಯವರೇ ಹೇಳಿದರು. ಬೇಡಮ್ಮನಿಗೂ ಅದೇ ಮನಸ್ಸು. ಆದರೂ ಮನಸ್ಸಿನ ಮೂಲೆಯಲ್ಲಿ ಹುಳ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಮಗ್ಗದಲ್ಲಿ ಕೂತಾಗ ಮಾತು ತೆಗೆದಳು.

"ಗಡಿ ನಿನಗೇ ವಹಿಸ್ತೀನಿ ಕಣೇ. ಆದ್ರೆ ಒಂದು ಮಾತು ಕೊಡು. ತವರು ಮೂಲೆಗೆ ಯಾವತ್ತೂ ಕುಡುಗೋಲು ಹಾಕಲ್ಲ ಅಂತ."

ಸೊಸೆಯ ಕೈಯಲ್ಲಿದ್ದ ಕೋಲು ಹುರಿಗಳ ನಡುವೆ ಅರ್ಧಕ್ಕೇ ನಿಂತಿತು. "ಆ ಮಾತು ಕೊಡೋಕಾಗಲ್ಲ ಅತ್ತೆ. ಈ ವರ್ಷ ಎಲ್ಲಕ್ಕಿಂತ ಮೊದಲು ಕೊಯ್ಯಬೇಕಾಗಿರೋದೇ ಅದನ್ನ."

ಬೇಡಮ್ಮ ಹಲಗೆ ಎಳೆದು ಬಡಿದಳು. "ಯಾಕೆ? ಹೊಸ ಹಾಸ್ಟೆಲಿನವರು ಕೋಣೆಗೊಂದು ಚಾಪೆ ಕೇಳಿದ್ದಾರೆ, ಅದಕ್ಕೇ ತಾನೆ? ಬಾಯಲ್ಲಿ ನೀರೂರ್ತಾ ಇದೆ ಎಲ್ಲರಿಗೂ."

"ಹಾಸ್ಟೆಲಿಗೂ ಇದಕ್ಕೂ ಸಂಬಂಧ ಇಲ್ಲ. ನೀವು ಈಚೆಗೆ ಮೂಲೆಯೊಳಗೆ ಹೋಗಿ ನೋಡಿದ್ದೀರಾ?"

"ನಾನೇ ನೆಟ್ಟಿದ್ದನ್ನ ನಾನು ಹೋಗಿ ನೋಡಬೇಕಾ? ದಿನಾ ನೋಡ್ತೀನಿ."

"ಕಟ್ಟೆ ಮೇಲಿಂದ ನೋಡ್ತೀರಿ. ಒಳಗೆ ಹೋಗಿ ನೋಡಿ."

"ಅಂದ್ರೆ ನೀನು ಹೋಗಿದ್ದೆ!"

ಸೊಸೆ ತಲೆ ತಗ್ಗಿಸಿದಳು. "ಪಕ್ಕದ ಮನೆಯವರ ಬಾತುಕೋಳಿ ಹಗ್ಗದ ಕೆಳಗೆ ನುಗ್ಗಿತ್ತು. ಹಿಡ್ಕೊಂಡು ಬರೋಕೆ ಹೋದೆ."

"ಬಾತುಕೋಳಿ ಅಂತೆ, ಬಾತುಕೋಳಿ! ನಾನು ಚಾಪೆ ಕೆಳಗೆ ತೂರಿದ್ರೆ ನೀನು ರಂಗೋಲಿ ಕೆಳಗೆ ತೂರ್ತೀಯ."

"ಅತ್ತೆ, ನಾನು ಬಾಯಿಬಿಟ್ಟು ಹೇಳಿದ್ರೆ ಆಸೆಗೆ ಹೇಳ್ತಾಳೆ ಅಂತೀರಿ. ಅದಕ್ಕೇ ಹೇಳಲ್ಲ. ಒಂದು ಸಲ ಹೋಗಿ ಬನ್ನಿ. ಆಮೇಲೂ ಬೇಡ ಅಂದ್ರೆ ಮಾತು ಕೊಡ್ತೀನಿ."

ಅಲ್ಲಿಗೆ ಮಾತು ನಿಂತಿತು, ಹಲಗೆಯ ಏಟು ನಿಲ್ಲಲಿಲ್ಲ. ಹಿತ್ತಲಿನಿಂದ ಬಡಗಿ ಕೂಗಿದ. "ಹುರಿ ಕಿತ್ತು ಹೋದ್ರೆ ನಾನೇ ಕಟ್ಟಬೇಕು, ನೆನಪಿರಲಿ! ಇವತ್ತಿನ ಚಾಪೆ ಯಾವ ಪುಣ್ಯವಂತರಿಗೋ!"

ಮರುದಿನ ಬೆಳಿಗ್ಗೆ ಬೇಡಮ್ಮ ಟೀ ಲೋಟ ತೊಳೆದಿಟ್ಟು ಯಾರಿಗೂ ಹೇಳದೆ ಹೊರಟಳು. ಒಂದು ಒಳ್ಳೆಯ ಜೊಂಡು, ಎಲ್ಲಕ್ಕಿಂತ ಉದ್ದನೆಯದು, ಮುರಿದು ತಂದು ಸೊಸೆಯ ಮುಂದೆ ಹಿಡಿಯಬೇಕು, ಅಷ್ಟೇ. ಕಟ್ಟೆಯ ಮೆಟ್ಟಿಲಿಳಿದು, ಸೀರೆ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನ ನೀರಿಗೆ ಕಾಲಿಟ್ಟಳು. ಮೊಣಕಾಲು ಗೊಣಗಿತು. ಹಗ್ಗದ ಕೆಳಗೆ ನುಸುಳಿ ಹಸಿರು ಜೊಂಡನ್ನು ಎರಡು ಕೈಯಿಂದ ಸರಿಸಿ ಒಳಗೆ ಹೋದಳು. ನೀರು ಪಾದದ ಗಂಟಿಗೆ ಬಂತು, ಆಮೇಲೆ ಬೆರಳಿಗೆ ಬಂತು, ಆಮೇಲೆ ಇಲ್ಲವಾಯಿತು. ಕಾಲ ಕೆಳಗೆ ಒಣ ನೆಲ ಸಿಕ್ಕಿತು. ಮುಳ್ಳು ಚುಚ್ಚಿ ಆಕೆ ಚಪ್ಪಲಿ ಮೆಟ್ಟಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ನಿಂತ ಮೇಲೆ ತಾನು ಏನು ಮಾಡಿದೆ ಎಂದು ಹೊಳೆಯಿತು. ಜೌಗಿನೊಳಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ನಡೆಯುತ್ತಾರೆಯೇ!

ಅಂಚಿನಲ್ಲಿ ಕಾಣುತ್ತಿದ್ದ ಹಸಿರು ಬರೀ ಪರದೆ. ಅದರ ಹಿಂದೆ ವರ್ಷ ವರ್ಷದ ಹಳೇ ಜೊಂಡು ಒಂದರ ಮೇಲೊಂದು ಬಿದ್ದು, ಕೊಳೆತು, ಹೆಪ್ಪುಗಟ್ಟಿ ನೆಲವಾಗಿತ್ತು. ನೀರು ಬರುವ ದಾರಿಯೇ ಮುಚ್ಚಿಹೋಗಿತ್ತು. ಮುಳ್ಳುಗಿಡಗಳು ಬೇರುಬಿಟ್ಟು ಆಕೆಯ ಹೆಗಲೆತ್ತರ ಬೆಳೆದಿದ್ದವು, ಬಳ್ಳಿಗಳು ಸುತ್ತಿಕೊಂಡಿದ್ದವು. ನಡುನಡುವೆ ಅಲ್ಲೊಂದು ಇಲ್ಲೊಂದು ಜೊಂಡು, ಬೆರಳಿಗಿಂತ ಸಣ್ಣಗೆ, ಕಪ್ಪು ಚುಕ್ಕೆ ಬಿದ್ದು, ವಾಲಿಕೊಂಡು ನಿಂತಿತ್ತು. ಒಂದನ್ನು ಬಾಗಿಸಿದಳು. ಬಾಗದೆ ಪಟ್ಟೆಂದು ಮುರಿಯಿತು. ನೀರುಕೋಳಿಯ ಹಳೇ ಗೂಡೊಂದು ಒಣ ಕಸದ ಮೇಲೆ ಅನಾಥವಾಗಿ ಕೂತಿತ್ತು.

ಅಪ್ಪ ಅತಿ ಕೊಯ್ದು ಕೊಂದಿದ್ದ. ಮಗಳು ಕೊಯ್ಯದೆ ಕೊಲ್ಲುತ್ತಿದ್ದಳು. ಹಳೆಯದು ಹೋಗಿ ಜಾಗ ಬಿಟ್ಟರೆ ತಾನೆ ಹೊಸದಕ್ಕೆ ಬಿಸಿಲು, ನೀರು, ಉಸಿರು? ಇದು ಆಕೆಗೆ ಗೊತ್ತಿಲ್ಲದ ವಿಷಯವೂ ಅಲ್ಲ. ಉಳಿದ ಜೌಗಿನಲ್ಲೆಲ್ಲ ಈ ಸರದಿಯನ್ನು ಬೇರೆಯವರಿಗೆ ಕಲಿಸಿದವಳೇ ಆಕೆ. ದೀಪದ ಕೆಳಗೆ ಕತ್ತಲು ಎನ್ನುವುದು ಸುಮ್ಮನೆಯೇ? ಪ್ರೀತಿ ಇದ್ದ ಕಡೆಯೇ ಬುದ್ಧಿ ಮಂಕಾಗಿತ್ತು. ಬೇಡಮ್ಮ ಒಣ ನೆಲದ ಮೇಲೆ ಕುಕ್ಕರಿಸಿ ಮನಸಾರೆ ಅತ್ತಳು. ಅಳು ಮುಗಿದ ಮೇಲೆ ಮೊಣಕಾಲು ಏಳಲು ಒಪ್ಪಲಿಲ್ಲ. ಒಂದು ಮುಳ್ಳುಗಿಡದ ಬುಡ ಹಿಡಿದು ಏಳಬೇಕಾಯಿತು. ಶತ್ರುವಿನ ಕೈ ಹಿಡಿದು ಎದ್ದ ಹಾಗಾಯಿತಲ್ಲ ಎಂದು ಆ ದುಃಖದಲ್ಲೂ ಆಕೆಗೆ ನಗು ಬಂತು.

ಮನೆಗೆ ಬಂದವಳು ಮಗ್ಗಕ್ಕೆ ಕೂರಲಿಲ್ಲ. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅನ್ನ ಕೆದಕಿದಳು. ಬಡಗಿ ಹೆಂಡತಿಯ ಮುಖ ನೋಡಿದ, ಸೀರೆಯ ಅಂಚಿಗೆ ಹತ್ತಿದ್ದ ಮುಳ್ಳು ನೋಡಿದ. ಸಂಜೆ ಟೀ ಕೊಟ್ಟಾಗ ಆಕೆ ಒಂದೇ ಲೋಟಕ್ಕೆ ಸಾಕೆಂದಾಗ ಮಾತ್ರ ಅವನಿಗೆ ನಿಜವಾಗಿ ಗಾಬರಿಯಾಯಿತು.

"ಏನಾಯ್ತೇ?"

"ಮೂಲೆ ಹೋಯ್ತು ರೀ. ನಾನೇ ಕೆಡಿಸಿದೆ."

ಬಡಗಿ ಬಗ್ಗಿ ಆಕೆಯ ಸೀರೆಯ ಮುಳ್ಳು ಬಿಡಿಸತೊಡಗಿದ. ತಮಾಷೆ ಮಾಡದೆ ಅವನಿಗೆ ಮಾತಾಡಲು ಬರುವುದಿಲ್ಲ, ಆವತ್ತು ಮಾಡಲಿಲ್ಲ. "ಬಳಸದೆ ಇಟ್ಟ ಉಳಿಗೂ ತುಕ್ಕು ಹಿಡಿಯುತ್ತೆ. ತುಕ್ಕು ಹಿಡೀತು ಅಂತ ಯಾರೂ ಉಳಿ ಎಸೆಯಲ್ಲ, ಉಜ್ಜುತ್ತಾರೆ. ಹೋಗು, ಅವಳ ಹತ್ತಿರ ಮಾತಾಡು. ನನ್ನ ಹತ್ತಿರ ಹೇಳಿ ಏನು ಬಂತು?"

ಬೇಡಮ್ಮನಿಗೆ ತಪ್ಪು ಮಾಡಿದ್ದಕ್ಕಿಂತ ಅದನ್ನು ಸೊಸೆಯ ಮುಂದೆ ಒಪ್ಪುವುದು ದೊಡ್ಡ ಗುಡ್ಡವಾಯಿತು. ಸೊಸೆ ಹಿಂದಿನ ಕೋಣೆಯಲ್ಲಿ ಜೊಂಡನ್ನು ಉದ್ದ, ಗಿಡ್ಡ ಎಂದು ಬೇರೆ ಮಾಡುತ್ತ ಕೂತಿದ್ದಳು. ಬೇಡಮ್ಮ ಹೋಗಿ ಎದುರಿಗೆ ಕೂತು ತಾನೂ ಒಂದು ಹಿಡಿ ಎತ್ತಿಕೊಂಡು ಬೇರೆ ಮಾಡತೊಡಗಿದಳು. ಗಿಡ್ಡದ್ದನ್ನು ಉದ್ದದ್ದರ ಜೊತೆ ಹಾಕುತ್ತಿದ್ದಳು. ಸೊಸೆ ಅದನ್ನು ತೆಗೆದು ಸರಿಯಾದ ಕಡೆ ಇಡುತ್ತಿದ್ದಳು.

"ಹೋಗಿದ್ದೆ," ಎಂದಳು ಬೇಡಮ್ಮ.

"ಗೊತ್ತು ಅತ್ತೆ. ಕಿಟಕಿಯಿಂದ ನೋಡ್ದೆ."

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನೋ ಹಾಗಾಯ್ತು ನಂದು. ನಿನ್ನನ್ನ ಆಸೆಬುರುಕಿ ಅಂದ್ಕೊಂಡೆ. ತಪ್ಪು ನಂದು." ಇನ್ನೊಂದು ಹಿಡಿ ಜೊಂಡು ಎತ್ತಿಕೊಂಡಳು. "ಮತ್ತೆ ಬರುತ್ತಾ ಕಣೇ ಅದು?"

ಸೊಸೆ ಸುಳ್ಳು ಸಮಾಧಾನ ಹೇಳುವವಳಲ್ಲ. "ಗೊತ್ತಿಲ್ಲ. ಅಗೆದು ನೋಡ್ದೆ, ಕೆಲವು ಕಡೆ ಬೇರು ಬೆಳ್ಳಗೆ, ಗಟ್ಟಿಯಾಗಿದೆ. ಕೆಲವು ಕಡೆ ಕೊಳೆತಿದೆ. ಪೂರ್ತಿ ಕೊಯ್ದು, ಕಸ ಎಳೆದು, ನೀರಿಗೆ ದಾರಿ ಮಾಡಿದ್ರೆ ಬಂದೀತು. ಬರದೇನೂ ಇರಬಹುದು."

"ಪೂರ್ತಿನಾ?"

"ಪೂರ್ತಿ. ಒಂದು ಕಡ್ಡಿ ಬಿಡದೆ. ನೀವು ನನಗೆ ಗಡಿ ವಹಿಸಿದ್ರೆ ನಾನು ಹೇಳೋದು ಇದೇ."

ಬೇಡಮ್ಮ ಕೈಯಲ್ಲಿದ್ದ ಜೊಂಡನ್ನು ಕೆಳಗಿಟ್ಟಳು. ಆ ಮೂಲೆ ಬೋಳಾಗಿ, ಬರೀ ನೀರಾಗಿ ಕಾಣುವ ದಿನವನ್ನು ಮತ್ತೊಮ್ಮೆ ನೋಡುವುದಕ್ಕಿಂತ ಕಣ್ಣು ಹೋದರೂ ವಾಸಿ ಎಂದು ಅನ್ನಿಸಿತು. ಆದರೂ ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ಕೆಂಪು ಬಟ್ಟೆಯ ಗಳಗಳ ಕಟ್ಟನ್ನು ತಂದು ಸೊಸೆಯ ಪಕ್ಕದಲ್ಲಿ ಇಟ್ಟಳು.

ಆ ವಾರ ಬೀದಿಗೆ ಬೀದಿಯೇ ಮೂಲೆಗೆ ಇಳಿಯಿತು. ಹಗ್ಗ ಬಿಚ್ಚಿದವಳು ಬೇಡಮ್ಮನೇ. ನೆರೆಹೊರೆಯವರು ಒಳಗಿನ ಅವಸ್ಥೆ ನೋಡಿ ಮುಖ ಮುಖ ನೋಡಿಕೊಂಡರು. ಆಕೆ ತಾನಾಗಿಯೇ "ಬೈಯೋರು ಈಗಲೇ ಬೈದುಬಿಡಿ, ಆಮೇಲೆ ಕೆಲಸ ಇದೆ" ಎಂದಳು. ಯಾರೂ ಬೈಯಲಿಲ್ಲ. ಪಕ್ಕದ ಮನೆಯ ಮುದುಕ ಮಾತ್ರ ತನ್ನ ಬಾತುಕೋಳಿಯನ್ನು ಬಗಲಲ್ಲಿ ಹಿಡಿದುಕೊಂಡು ಬಂದು, "ಇದನ್ನ ಕಂಡುಹಿಡಿದದ್ದು ನಮ್ಮ ಬಾತುಕೋಳಿ, ಮರೀಬೇಡಿ" ಎಂದ. ಎಲ್ಲರೂ ನಕ್ಕರು, ಬೇಡಮ್ಮನೂ ನಕ್ಕಳು. ಮುಳ್ಳುಗಿಡ ಕಿತ್ತರು. ಹಳೇ ಜೊಂಡನ್ನು ಮೋಟು ಉಳಿಸಿ ಕೊಯ್ದು ರಾಶಿ ಹಾಕಿದರು. ಕೊಳೆತ ಪದರವನ್ನು ಗುದ್ದಲಿಯಿಂದ ಎಬ್ಬಿಸಿ ಬುಟ್ಟಿ ಬುಟ್ಟಿ ಹೊತ್ತು ಹಿತ್ತಲುಗಳಿಗೆ ಸುರಿದರು. ಬೇಡಮ್ಮ ಕಟ್ಟೆಯ ಮೇಲೆ ಕೂತು ಬುಟ್ಟಿ ಇಸಿದುಕೊಂಡು ಮುಂದಿನವರಿಗೆ ದಾಟಿಸಿದಳು. ಲಾರಿಯಿಂದ ಇಳಿದ ಮಗ ಮಲಗಲು ಬಂದವನು ಗುದ್ದಲಿ ಹಿಡಿಯಬೇಕಾಯಿತು. ಕೊನೆಗೆ ಸೊಸೆ ಜೌಗಿನ ಆಳದ ಕಡೆಯಿಂದ ಮೂಲೆಗೆ ಒಂದು ಕಾಲುವೆ ಸೀಳಿದಳು. ನೀರು ತಡವರಿಸುತ್ತ ಒಳಗೆ ಬಂತು, ಕಂದು ಬಣ್ಣದ ನೊರೆ ತಳ್ಳಿಕೊಂಡು ಹರಡಿತು. ಸಂಜೆಯ ಹೊತ್ತಿಗೆ, ಅಲ್ಲೊಂದು ಇಲ್ಲೊಂದು ಮೋಟು ಬಿಟ್ಟರೆ, ತವರು ಮೂಲೆ ಕನ್ನಡಿಯಾಗಿತ್ತು. ಬೇಡಮ್ಮ ಆ ಕಡೆ ನೋಡದೆ ಮನೆಗೆ ಹೋದಳು.

ಆಮೇಲೆ ಕಾಯುವ ಕೆಲಸ. ಹೊಲದವರಿಗೆ ಬಿತ್ತಿ ಕಾಯುವುದು ಅಭ್ಯಾಸ. ಚಾಪೆಯವರಿಗೆ ಕೈಯಲ್ಲಿ ಹಿಡಿದದ್ದು ಸಂಜೆಗೆ ಚಾಪೆಯಾಗಬೇಕು. ಬೇಡಮ್ಮ ಬೆಳಿಗ್ಗೆ ಟೀ ಲೋಟವನ್ನು ಕಟ್ಟೆಗೆ ಒಯ್ಯುವುದನ್ನೇ ಬಿಟ್ಟಳು. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಡಿದಳು. ಹಿತ್ತಲುಗಳಲ್ಲಿ ಸುರಿದ ಕೊಳೆಗೆ ಕುಂಬಳದ ಬಳ್ಳಿಗಳು ಹುಚ್ಚು ಹಿಡಿದಂತೆ ಹಬ್ಬಿ ಮಾಳಿಗೆ ಏರಿದವು. ಯಾರಾದರೂ ಕುಂಬಳಕಾಯಿ ತಂದುಕೊಟ್ಟರೆ ಆಕೆಗೆ ಅದು ತನ್ನ ಮೂಲೆಯ ಸಾವಿನ ಊಟದಂತೆ ಕಂಡು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೊಸೆ ಮಾತ್ರ ದಿನಾ ಹೋಗಿ ಬರುತ್ತಿದ್ದಳು, ಬಂದು ಏನೂ ಹೇಳುತ್ತಿರಲಿಲ್ಲ. ಆಕೆ ಕೇಳುತ್ತಲೂ ಇರಲಿಲ್ಲ. ಮಗ್ಗದಲ್ಲಿ ಹಲಗೆ ಮೆತ್ತಗೆ ಬೀಳುತ್ತಿತ್ತು. ಈ ಚಾಪೆಗಳನ್ನು ಮಾರಿದರೆ ನನ್ನ ಮಾನ ಹೋಗುತ್ತದೆ, ಒಂದು ಸಲ ಜಗಳ ಆಡಿ ಪುಣ್ಯ ಕಟ್ಟಿಕೊಳ್ಳಿ ಎಂದು ಬಡಗಿ ಗೋಗರೆದ.

ಮಳೆಯ ಮೊದಲ ಹನಿಗಳು ಬಿದ್ದ ಮೇಲೆ ಒಂದು ಬೆಳಿಗ್ಗೆ ಸೊಸೆ ಬಂದು ಅತ್ತೆಯ ಕೈ ಹಿಡಿದು ಎಬ್ಬಿಸಿ ಕಟ್ಟೆಗೆ ಕರೆದುಕೊಂಡು ಹೋದಳು. ಬೇಡಮ್ಮ ಕಣ್ಣು ಮುಚ್ಚಿಕೊಂಡೇ ನಿಂತಳು, ಆಮೇಲೆ ತೆರೆದಳು. ನೀರಿನ ಮೇಲೆ ಅಲ್ಲಲ್ಲಿ ಹಸಿರು ಮೊನೆಗಳು ಎದ್ದಿದ್ದವು, ಬೆರಳುದ್ದ, ನೆಟ್ಟಗೆ. ಮೂಲೆಯ ತುಂಬ ಅಲ್ಲ. ಒಂದು ಕಡೆ ಒತ್ತಾಗಿ, ಒಂದು ಕಡೆ ಬೋಳಾಗಿ, ಹಲ್ಲು ಬೀಳುವ ವಯಸ್ಸಿನ ಮಗುವಿನ ಬಾಯಂತಿತ್ತು. "ಬೋಳಿರೋ ಕಡೆ ನಾವೇ ನೆಡೋಣ. ನಿಮ್ಮ ಹೆಣ್ಣುಮಕ್ಕಳು ಜೌಗಿನ ತುಂಬ ಇದ್ದಾರಲ್ಲ, ಅವರ ಹತ್ತಿರ ಬೇರು ಇಸ್ಕೊಂಡು ಬರ್ತೀನಿ," ಎಂದಳು ಸೊಸೆ. ಬೇಡಮ್ಮ ಅವಳ ಭುಜ ಹಿಡಿದುಕೊಂಡು ನಿಂತಲ್ಲೇ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಇಷ್ಟು ಸಂತೋಷ ತನಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ ಎಂದು ಆಮೇಲೆ ಗಂಡನ ಹತ್ತಿರ ಹೇಳಿದಳು. ಮಗನಿಗೆ ಕೇಳಿಸದ ಹಾಗೆ.

ಜೊಂಡು ಬೆಳೆಯಿತು, ಕೊಯ್ಲಿನ ಕಾಲ ಬಂತು. ಕೊಯ್ಲು ಶುರುವಾಗುವ ದಿನ ನಸುಕಿನಲ್ಲೇ ಸೊಸೆ ಒಬ್ಬಳೇ ನೀರಿಗಿಳಿದು ಗಡಿ ನೆಟ್ಟಳು. ಈ ಸಲ ತವರು ಮೂಲೆಯೂ ಸರದಿಯೊಳಗೆ ಬಂತು, ಒತ್ತಾಗಿ ಬೆಳೆದ ಅರ್ಧ ಈ ವರ್ಷ, ಮಿಕ್ಕರ್ಧ ಬರುವ ವರ್ಷ. ಬೇಡಮ್ಮ ಕಟ್ಟೆಯ ಮೇಲಿಂದ ನೋಡುತ್ತಿದ್ದಳು. ಒಂದು ಗಳ ತಾನು ನೆಡುತ್ತಿದ್ದ ಜಾಗಕ್ಕಿಂತ ಒಂದು ಮಾರು ಆಚೆಗೆ ಹೋದದ್ದನ್ನು ಕಂಡಳು. ಬಾಯಿ ತಾನಾಗಿಯೇ ತೆರೆಯಿತು. ಸೊಸೆ ಗಳವನ್ನು ಒತ್ತಿ ಕೂರಿಸಿ, ನೀರಿನ ಆಳ ಕೈಯಲ್ಲಿ ನೋಡಿ, ಸುತ್ತಲಿನ ಜೊಂಡಿನ ಬುಡ ಮುಟ್ಟಿ ನೋಡಿ ಮುಂದಕ್ಕೆ ಹೋದಳು. ಕೈ ಚುರುಕಾಗಿಯೇ ಇತ್ತು, ಆದರೆ ಪ್ರತಿ ಸಲವೂ ಒಂದು ಕ್ಷಣ ನಿಂತು ನೋಡುತ್ತಿತ್ತು. ಬೇಡಮ್ಮ ತೆರೆದ ಬಾಯಿ ಮುಚ್ಚಿಕೊಂಡು ಕಟ್ಟೆಯಿಂದ ಇಳಿದಳು.

ಕೊಯ್ಲಿನ ದಿನ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಕಟ್ಟೆ ಬಿಟ್ಟು ಕದಲದಿದ್ದ ಹೆಂಗಸು ಬೆಳಿಗ್ಗೆಯೇ ಮನೆಗೆ ಬಂದದ್ದು ನೋಡಿ ಬಡಗಿ ಆಕೆಯ ಹಣೆ ಮುಟ್ಟಿದ. "ಜ್ವರ ಏನಿಲ್ವಲ್ಲ!"

"ಅಡುಗೆ ಮಾಡಬೇಕು. ನೀರಲ್ಲಿ ನಿಂತು ಬರೋರು ಹಸಿದಿರ್ತಾರೆ," ಎಂದು ಆಕೆ ಒಳಗೆ ಹೋದಳು. ಅಡುಗೆ ಮಾಡಿ, ಮುಚ್ಚಿಟ್ಟು, ಗೋಡೆ ಬದಿಗೆ ಚಾಪೆ ಹಾಸಿಕೊಂಡು ಮಲಗಿದಳು. ಜೌಗಿನಿಂದ ಕುಡುಗೋಲುಗಳ ಸರಸರ ಸದ್ದು, ಜನರ ಕೂಗಾಟ ಕಿಟಕಿಯಿಂದ ಬರುತ್ತಿತ್ತು. ಕೇಳುತ್ತ ಕೇಳುತ್ತ ನಿದ್ದೆ ಹತ್ತಿತು. ಹಗಲು ಹೊತ್ತಿನಲ್ಲಿ ಆಕೆ ಗೊರಕೆ ಹೊಡೆದದ್ದನ್ನು ಬಡಗಿ ಅದೇ ಮೊದಲು ಕೇಳಿದ್ದು.

ಸಂಜೆ ಸೊಸೆ ಸೊಂಟದವರೆಗೆ ಕೆಸರಾಗಿ ಬಂದು ಹೊಸಿಲ ಹೊರಗೇ ನಿಂತಳು. ಕೊಯ್ಲಿನಿಂದ ಬಂದವರನ್ನು ಬೇಡಮ್ಮ ಅಲ್ಲೇ ತಡೆದು ನಿಲ್ಲಿಸಿ, ಎಷ್ಟು ಬಿಟ್ಟು ಬಂದ್ರಿ, ಮೋಟು ಎಷ್ಟು ಉಳಿಸಿದ್ರಿ, ಯಾರು ಗಡಿ ದಾಟಿದ್ರು ಎಂದು ವಿಚಾರಿಸದೆ ಒಳಗೆ ಬಿಟ್ಟದ್ದೇ ಇಲ್ಲ. ಸೊಸೆ ಉತ್ತರಗಳನ್ನೆಲ್ಲ ದಾರಿಯಲ್ಲೇ ಸಿದ್ಧ ಮಾಡಿಕೊಂಡು ಬಂದಿದ್ದಳು.

ಬೇಡಮ್ಮ ಟವೆಲ್ ತಂದು ಅವಳ ಹೆಗಲಿಗೆ ಹಾಕಿದಳು. "ಎಷ್ಟು ಹೊತ್ತು ಕಣೇ! ಬೇಗ ಕೈಕಾಲು ತೊಳ್ಕೊಂಡು ಬಾ, ಬಡಿಸ್ತೀನಿ."

ಸೊಸೆ ಕದಲಲಿಲ್ಲ. "ಅತ್ತೆ, ನೀವು ಏನೂ ಕೇಳಲೇ ಇಲ್ಲ."

"ಗಡಿ ನಿಂದು. ನಾನ್ಯಾಕೆ ಕೇಳಲಿ?" ಎಂದು ಬೇಡಮ್ಮ ತಟ್ಟೆ ಹಾಕಲು ಒಳಗೆ ಹೋದಳು.